ಮೇಣದ ಉರುಳೆ, ಹಂಗೇರಿಯ ಹಳ್ಳಿ

1906ರ ಹೊತ್ತಿಗೆ ಹಂಗೇರಿಯ ಸಂಗೀತಗಾರ ಬೇಲಾ ಬಾರ್ಟೋಕ್ ಜಾನಪದ ಹಾಡುಗಳನ್ನು ಮುದ್ರಿಸಿಕೊಳ್ಳಲು ಫೋನೋಗ್ರಾಫ್ ಹಿಡಿದು ಹಳ್ಳಿಗಳನ್ನು ಸುತ್ತತೊಡಗಿದ್ದರು. ಕೊಳವೆಯ ಮುಂದೆ ಹಾಡಿದರೆ ಅದರ ತುದಿಯ ತೆಳು ಪೊರೆ ಅದುರುತ್ತದೆ. ಪೊರೆಗೆ ಅಂಟಿದ ಮೊನೆ ಆ ಕಂಪನವನ್ನು ತಿರುಗುವ ಮೇಣದ ಉರುಳೆಯ ಮೇಲೆ ಗೀರಾಗಿ ಕೊರೆಯುತ್ತದೆ. ಒಂದು ಉರುಳೆಗೆ ಕೆಲವೇ ನಿಮಿಷದ ಹಾಡು.

ಯಂತ್ರ ಹಾಡನ್ನು ಉಳಿಸಿತು. ಅದಕ್ಕಿಂತ ದೊಡ್ಡ ಉಪಕಾರ, ನನ್ನ ಪ್ರಕಾರ, ಮತ್ತೆ ಮತ್ತೆ ಕೇಳುವ ಅವಕಾಶ. ಉರುಳೆಯನ್ನು ಅರ್ಧ ವೇಗದಲ್ಲಿ ತಿರುಗಿಸಿದರೆ ಕಂಪನಾಂಕವೂ ಅರ್ಧಕ್ಕಿಳಿದು ದನಿ ಒಂದು ಸ್ಥಾಯಿ ತಗ್ಗುತ್ತದೆ. ಜಾರಿಹೋಗುತ್ತಿದ್ದ ಸ್ವರಗಳು ಬಿಡಿಬಿಡಿಯಾಗಿ ಕೇಳುತ್ತವೆ. ಮುಂದೆ ಬಲ್ಗೇರಿಯದ ಅಸಮ ಲಯಗಳ ಪರಿಚಯವಾದಾಗ ಬಾರ್ಟೋಕ್ ತಮ್ಮ ಹಳೆಯ ರೊಮೇನಿಯನ್ ಹಾಡುಗಳ ಧ್ವನಿಮುದ್ರಣಗಳತ್ತ ಮರಳಿದರು. ಅದೇ ಲಯ ಅಲ್ಲೂ ಇತ್ತು! ಕಿವಿಯ ನೆನಪನ್ನಷ್ಟೇ ನಂಬಿದ್ದರೆ ಈ ಮರುಪರೀಕ್ಷೆ ಸಾಧ್ಯವಿರಲಿಲ್ಲ.

1936ರಲ್ಲಿ ಅವರು ತಂತಿವಾದ್ಯ, ತಾಳವಾದ್ಯ ಮತ್ತು ಸೆಲೆಸ್ಟಾ ಎಂಬ ಕೀಲಿಮಣೆ ವಾದ್ಯಕ್ಕಾಗಿ ಬರೆದ ಕೃತಿಯಲ್ಲಿ ಯಾವ ಜಾನಪದ ಹಾಡೂ ನೇರವಾಗಿ ಬರುವುದಿಲ್ಲ. ಆದರೂ ಹಳ್ಳಿ ಅದರೊಳಗೆಲ್ಲ ಇದೆ. ಕೊನೆಯ ಭಾಗದ ಲಯ ಎರಡು, ಮೂರು, ಮೂರು ಎಂದು ಓಡುತ್ತದೆ. ಮಿಶ್ರಛಾಪು ಕೇಳಿ ಬೆಳೆದವರಿಗೆ ಇಂಥ ಅಸಮ ನಡೆ ಸಹಜ. ಪಶ್ಚಿಮದ ವಾದ್ಯವೃಂದದಲ್ಲಿ ಆಗ ಅದು ಅಪರೂಪ.

ಮೂರನೆಯ ಭಾಗ ಅದ್ಭುತ. ಕ್ಸೈಲೋಫೋನ್ ಒಂದೇ ಸ್ವರವನ್ನು ಮೊದಲು ಬಿಡಿಯಾಗಿ, ಆಮೇಲೆ ದಟ್ಟವಾಗಿ ತಟ್ಟಿ, ಮತ್ತೆ ನಿಧಾನಕ್ಕಿಳಿಯುತ್ತದೆ. ಮರದ ಪಟ್ಟಿಯ ನಾದ ಬೇಗ ಆರುವುದರಿಂದ ಪ್ರತಿ ಪೆಟ್ಟೂ ಹುಳುವಿನ ಚಿಟಿಚಿಟಿಯಂತೆ ಬೇರೆಯಾಗಿಯೇ ನಿಲ್ಲುತ್ತದೆ. ಟಿಂಪನಿ ಎಂಬ ನಗಾರಿಯ ಸ್ವರ ಜಾರುತ್ತದೆ. ಕೀಟಗಳನ್ನು ಸಂಗ್ರಹಿಸುತ್ತಿದ್ದ ಬಾರ್ಟೋಕ್ ಇರುಳಿನ ಬಯಲಿನ ಸದ್ದನ್ನು ಎಷ್ಟು ಗಮನವಿಟ್ಟು ಆಲಿಸಿರಬೇಕು!

ಬಯಲಿನಲ್ಲಿ ಸದ್ದು ಒಂದೇ ದಿಕ್ಕಿನಿಂದ ಬರುವುದಿಲ್ಲ. ಎಡಗಡೆಯ ಸದ್ದು ಬಲಗಿವಿಗೆ ಒಂದು ಮಿಲಿಸೆಕೆಂಡಿಗಿಂತ ಕಡಿಮೆ ಅಂತರದಲ್ಲಿ ತಡವಾಗಿ, ತುಸು ಕ್ಷೀಣವಾಗಿ ತಲುಪುತ್ತದೆ. ಮಿದುಳು ಅಷ್ಟರಿಂದಲೇ ದಿಕ್ಕು ಹಿಡಿಯುತ್ತದೆ. ಬಾರ್ಟೋಕ್ ತಂತಿವಾದ್ಯಗಳನ್ನು ಎರಡು ತಂಡ ಮಾಡಿ, ತಾಳವಾದ್ಯಗಳ ಎರಡೂ ಪಕ್ಕಕ್ಕೆ ಕೂರಿಸಲು ಸೂಚಿಸಿದ್ದಾರೆ. ಒಂದು ತಂಡ ಕೇಳಿದ್ದಕ್ಕೆ ಇನ್ನೊಂದು ಆ ಬದಿಯಿಂದ ಉತ್ತರಿಸುತ್ತದೆ. ಹಾಗಾಗಿ ಇದನ್ನು ಮೊಬೈಲಿನ ಒಂಟಿ ಸ್ಪೀಕರಿನಲ್ಲಿ ಕೇಳಬೇಡಿ. ಸ್ಟೀರಿಯೋ ಮುದ್ರಣ ಹುಡುಕಿ, ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಮೂರನೆಯ ಭಾಗದಿಂದ ಶುರುಮಾಡಿ.