ಗುಲಗಂಜಿ ತೂಕದ ಬಣ್ಣ

ಸ್ಕೂಟರೊಂದು ಉಜ್ಜಿಕೊಂಡು ಹೋಗಿ ನನ್ನ ಬೆಳ್ಳಿ ಬಣ್ಣದ ಕಾರಿನ ಬಂಪರಿನ ಮೂಲೆಯಲ್ಲಿ ಅಂಗೈ ಅಗಲ ಬಣ್ಣ ಕಿತ್ತು ಬಂದಿತ್ತು. ಪೇಂಟ್ ಹೊಡೆಸಿದೆ. ಗ್ಯಾರೇಜಿನ ನೆರಳಲ್ಲಿ ಚೆನ್ನಾಗಿಯೇ ಕಂಡಿತು. ರಸ್ತೆಗೆ ಬಂದು ಬಿಸಿಲು ಬಿದ್ದದ್ದೇ ತಡ, ಆ ಮೂಲೆಯಷ್ಟೇ ಮೋಡ ಕವಿದ ಹಾಗೆ ಮಂಕಾಯಿತು. ಪೇಂಟರ್ ಬಗ್ಗಿ ನೋಡಿ, "ಕಪ್ಪು ಒಂದು ಹನಿ ಜಾಸ್ತಿ ಬಿದ್ದಿದೆ ಸಾರ್" ಎಂದರು. ಒಂದು ಹನಿಗೆ ಇಷ್ಟೆಲ್ಲ ಆಗುತ್ತದೆಯೇ ಎಂದು ಮನೆಗೆ ಬಂದು ಲೆಕ್ಕ ಹಾಕಿದೆ. ಆಗಲೇಬೇಕು.

ಕಾರಿನ ಮೇಲೆ ಅಂಟಿಸಿರುವ ಕಲರ್ ಕೋಡ್ ಕೊಟ್ಟರೆ ಪೇಂಟ್ ಕಂಪನಿಯ ಫಾರ್ಮುಲಾ ಸಿಗುತ್ತದೆ. ಯಾವ ಟಿಂಟರ್ (ಬೆರೆಸುವ ಮೂಲ ಬಣ್ಣ) ಎಷ್ಟು ಗ್ರಾಂ ಎಂಬ ಪಟ್ಟಿ ಅದು. ಅಳತೆ ಗ್ರಾಮಿನಲ್ಲೇ ಏಕೆಂದರೆ, ಲೋಟದಲ್ಲಿ ಅಳೆದು ಸುರಿದರೆ ಲೋಟದ ಗೋಡೆಗೆ ಅಂಟಿದ್ದು ಅಲ್ಲೇ ಉಳಿಯುತ್ತದೆ. ತಕ್ಕಡಿಯ ಮೇಲಿಟ್ಟ ಡಬ್ಬಿಗೇ ನೇರವಾಗಿ ಸುರಿದರೆ ಆ ನಷ್ಟವಿಲ್ಲ.

ಒಂದು ಲೀಟರ್ ಬೆಳ್ಳಿ ಬಣ್ಣಕ್ಕೆ 3 ಗ್ರಾಂ ಕಪ್ಪು ಬೇಕೆನ್ನಿ. ಬಂಪರಿನ ಮೂಲೆಗೆ 100 ಮಿಲಿ ಸಾಕು, ಹಾಗಾಗಿ ಕಪ್ಪು 0.3 ಗ್ರಾಂ. ನೀರಿನ ಹನಿ ಸುಮಾರು 0.05 ಗ್ರಾಂ ತೂಗುತ್ತದೆ. ಆ ಲೆಕ್ಕದಲ್ಲಿ ಆರೇ ಹನಿ. ಪೇಂಟ್ ಅಂಗಡಿಯ ಸಾಮಾನ್ಯ ತಕ್ಕಡಿ ತೋರಿಸುವ ಅತಿ ಚಿಕ್ಕ ತೂಕ 0.1 ಗ್ರಾಂ, ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿಗಿಂತ ತುಸು ಕಡಿಮೆ. ಅದು 0.3 ಎಂದು ತೋರಿಸುವಾಗ ಒಳಗಿರುವುದು 0.25 ಇರಬಹುದು, 0.35 ಇರಬಹುದು. ಅಂದರೆ ನೂರಕ್ಕೆ ಹದಿನೇಳರಷ್ಟು ಆಚೀಚೆ! ಇಡೀ ಲೀಟರ್ ಕಲಸುವಾಗ ಅದೇ ತಕ್ಕಡಿಯ ಅದೇ ತಪ್ಪು ನೂರಕ್ಕೆ ಎರಡನ್ನೂ ಮುಟ್ಟುವುದಿಲ್ಲ. ಹೆಚ್ಚು ಕಲಸುವುದಕ್ಕಿಂತ ಕಡಿಮೆ ಕಲಸುವುದೇ ಕಷ್ಟ.

ತಕ್ಕಡಿಯ ಒಳಗನ್ನೂ ಸ್ವಲ್ಪ ನೋಡಬೇಕು. ತಟ್ಟೆಯ ಕೆಳಗೆ ಒಂದು ಲೋಹದ ತೊಲೆ, ಅದರ ಮೇಲೆ ಅಂಟಿಸಿದ ತೆಳು ಲೋಹದ ಎಳೆಗಳು. ಭಾರ ಬಿದ್ದಾಗ ತೊಲೆ ಕಣ್ಣಿಗೆ ಕಾಣದಷ್ಟು ಬಾಗುತ್ತದೆ, ಎಳೆ ಹಿಗ್ಗುತ್ತದೆ, ಅದರ ವಿದ್ಯುತ್ ರೋಧ ಬದಲಾಗುತ್ತದೆ. ತೂಕವೆಂದು ನಾವು ಓದುವುದು ಆ ಬದಲಾವಣೆಯನ್ನು. ಸೆಕೆ ಏರಿದರೂ ಫ್ಯಾನ್ ಗಾಳಿ ತಟ್ಟೆಯನ್ನು ಒತ್ತಿದರೂ ಅಂಕಿ ಅಲುಗುತ್ತದೆ. ಹೀಗೆ ಸುಮ್ಮನೆ ಜರುಗುವ ಅಂಕಿಯನ್ನು ಸೊನ್ನೆಯಲ್ಲೇ ಹಿಡಿದಿಡುವ ಏರ್ಪಾಡು ಅನೇಕ ತಕ್ಕಡಿಗಳಲ್ಲಿದೆ. ನಮಗೆ ಮೋಸವಾಗುವುದು ಅಲ್ಲೇ. ಪ್ರತಿ ಟಿಂಟರಿಗೂ ಗುಂಡಿ ಒತ್ತಿ ಸೊನ್ನೆ ಮಾಡಿಕೊಂಡು ಮೆಲ್ಲಗೆ ಒಂದೊಂದೇ ಹನಿ ಬಿಟ್ಟರೆ, ಕೆಲವು ತಕ್ಕಡಿಗಳು ಮೊದಲ ಹನಿಯನ್ನೂ ಅಂಥ ಜರುಗಾಟವೆಂದೇ ಎಣಿಸಿ ಸೊನ್ನೆಯನ್ನೇ ತೋರಿಸುತ್ತವೆ. ನಾವು ಇನ್ನೊಂದು ಹನಿ ಹಾಕುತ್ತೇವೆ.

ಅದಕ್ಕೇ ಬಲ್ಲವರು ನಡುವೆ ಸೊನ್ನೆ ಮಾಡುವುದಿಲ್ಲ. ಒಟ್ಟು ತೂಕವನ್ನೇ ಏರಿಸುತ್ತ ಹೋಗುತ್ತಾರೆ. ಒಂದರಲ್ಲಿ ಹೆಚ್ಚು ಬಿದ್ದರೆ ಉಳಿದವನ್ನೂ ಅದೇ ಪ್ರಮಾಣದಲ್ಲಿ ಹೆಚ್ಚಿಸುತ್ತಾರೆ. ನನಗೆ ಇನ್ನೂ ಮೆಚ್ಚುಗೆಯಾದ ಉಪಾಯವೆಂದರೆ ಕಪ್ಪಿನ ಬಲ ಇಳಿಸುವುದು. ಒಂದು ಪಾಲು ಕಪ್ಪಿಗೆ ಅದೇ ಕಂಪನಿಯ ಬಣ್ಣವಿಲ್ಲದ ಬೈಂಡರ್ ಒಂಬತ್ತು ಪಾಲು ಸೇರಿಸಿಟ್ಟುಕೊಂಡರೆ 0.3 ಗ್ರಾಮಿನ ಜಾಗಕ್ಕೆ 3 ಗ್ರಾಂ ತೂಗಬಹುದು. ಹೆಚ್ಚುವರಿಯಾಗಿ ಬಂದ 2.7 ಗ್ರಾಂ ಬೈಂಡರನ್ನು ಫಾರ್ಮುಲಾದ ಬೈಂಡರಿನಲ್ಲಿ ಕಳೆದರಾಯಿತು.

ತಕ್ಕಡಿ ಎಷ್ಟೇ ಸರಿಯಿದ್ದರೂ ಡಬ್ಬಿಯ ತಳ ಕಲಕದಿದ್ದರೆ ಎಲ್ಲ ವ್ಯರ್ಥ. ಬೆಳ್ಳಿಯ ಹೊಳಪು ಕೊಡುವ ಅಲ್ಯೂಮಿನಿಯಂ ಚೂರುಗಳು ಭಾರಕ್ಕೆ ಕೆಳಗಿಳಿದು ಕೂತಿರುತ್ತವೆ. ಬಣ್ಣದ ಮೇಲೆ ಹೊಡೆಯುವ ಕ್ಲಿಯರ್ ಕೋಟಿನ ಲೆಕ್ಕ ಬೇರೆ: ಸಾಮಾನ್ಯವಾಗಿ ಎರಡು ಪಾಲು ಕ್ಲಿಯರಿಗೆ ಒಂದು ಪಾಲು ಹಾರ್ಡ್ನರ್, ಅದೂ ತೂಕದಲ್ಲಲ್ಲ, ಗೆರೆ ಹಾಕಿದ ಲೋಟದಲ್ಲಿ. ಆ ಹಾರ್ಡ್ನರಿನಲ್ಲಿರುವ ಐಸೋಸಯನೇಟಿನಿಂದ ಆಸ್ತಮಾ ಬರಬಹುದು. ಮೂಗಿಗೆ ಕರವಸ್ತ್ರ ಕಟ್ಟಿ ಸ್ಪ್ರೇ ಮಾಡುವ ಹುಡುಗರನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಅವರಿಗೆ ಸರಿಯಾದ ಮಾಸ್ಕನ್ನು ಮಾಲೀಕರೇ ಕೊಡಿಸಬೇಕು.

ಎರಡನೇ ಸಲ ನಮ್ಮ ಪೇಂಟರ್ ಫ್ಯಾನ್ ಆರಿಸಿದರು. ಬಲ ಇಳಿಸಿದ ಕಪ್ಪನ್ನು ಕಡ್ಡಿಯ ತುದಿಯಿಂದ ಇಳಿಬಿಟ್ಟು, ಅಂಕಿ ನಿಲ್ಲುವವರೆಗೆ ಕಾದರು. ಬಂಪರಿಗೆ ಮೊದಲು ಒಂದು ಕಾರ್ಡಿಗೆ ಹೊಡೆದು, ಕ್ಲಿಯರ್ ಹಾಕಿ, ಒಣಗಿಸಿ ಬಿಸಿಲಿಗೆ ತಂದರು. ಬಂಪರಿಗೆ ಹಿಡಿದು ನೇರದಿಂದ ನೋಡಿದರು, ಕೂತು ಓರೆಯಿಂದ ನೋಡಿದರು. ಕಾರ್ಡಿನ ಅಂಚು ಎಲ್ಲಿದೆಯೆಂದು ನಾನು ಬೆರಳಿನಿಂದ ತಡವಿ ಹುಡುಕಬೇಕಾಯಿತು.