ಕಡಲೆಬೀಜ ಒಗ್ಗದ ಗ್ರಾಹಕರು ಮತ್ತು ಉಪಾಹಾರ ಗೃಹಗಳ ಹೊಣೆ

ಬೆಂಗಳೂರು ದಕ್ಷಿಣದ ಸುಬ್ರಹ್ಮಣ್ಯಪುರ, ಉತ್ತರಹಳ್ಳಿ, ಬನಶಂಕರಿ ಭಾಗಗಳಲ್ಲಿ ದರ್ಶಿನಿ, ಬೇಕರಿ ಹಾಗೂ ಕಾಂಡಿಮೆಂಟ್ಸ್ ಅಂಗಡಿಗಳಿಗೆ ಕೊರತೆಯಿಲ್ಲ. ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಸಮೀಪವಿರುವ ಈ ಪ್ರದೇಶದಲ್ಲಿ ಕಡಲೆಬೀಜವಿಲ್ಲದ ಚಿತ್ರಾನ್ನವನ್ನಾಗಲಿ, ಗೋಡಂಬಿಯಿಲ್ಲದ ಖಾರಾಬಾತನ್ನಾಗಲಿ ಕಲ್ಪಿಸಿಕೊಳ್ಳುವುದೂ ಕಷ್ಟ. ಇವೇ ಪದಾರ್ಥಗಳು ಅಲರ್ಜಿಯುಳ್ಳ ಕೆಲವರಿಗೆ ನಿಮಿಷಗಳಲ್ಲಿ ಪ್ರಾಣಾಪಾಯ ತರಬಲ್ಲವು.

ಕಣ್ಣಿಗೆ ಕಾಣುವ ಬೀಜಕ್ಕಿಂತ ಕಾಣದಿರುವುದೇ ಹೆಚ್ಚು ಅಪಾಯಕಾರಿ. ಚಟ್ನಿಯಲ್ಲಿ ರುಬ್ಬಿದ, ನಿಪ್ಪಟ್ಟಿನಲ್ಲಿ ಪುಡಿಯಾಗಿ ಬೆರೆತ ಕಡಲೆಬೀಜವನ್ನು ಗುರುತಿಸಲಾಗದು. ಹುರಿಯುವುದರಿಂದ ಅಲರ್ಜಿಕಾರಕ ಪ್ರೋಟೀನು ನಾಶವಾಗುವುದಿಲ್ಲ. ಬೀಜವನ್ನು ಆರಿಸಿ ತೆಗೆದು ಬಡಿಸಿದರೂ ಅದರ ಅಂಶ ಉಳಿದಿರುತ್ತದೆ. ಒಂದೇ ಸೌಟನ್ನು ಎರಡು ಪಾತ್ರೆಗಳಿಗೆ ಬಳಸುವುದೂ ಸಾಕು. ರೀಫೈನ್ಡ್ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನು ಬಹುಮಟ್ಟಿಗೆ ಹೊರಹೋಗಿರುತ್ತದೆ. ಗಾಣದ ಎಣ್ಣೆಯ ವಿಷಯದಲ್ಲಿ ಹಾಗೆ ಹೇಳುವಂತಿಲ್ಲ.

ನಮ್ಮ ಭಾಷೆಯದೂ ಒಂದು ತೊಡಕಿದೆ. ‘ಚಟ್ನಿಗೆ ಕಡಲೆ ಹಾಕಿದೆ’ ಎಂದಾಗ ಅದು ಹುರಿಗಡಲೆಯೋ ಕಡಲೆಬೀಜವೋ ಎಂಬುದು ತಿಳಿಯದು. ಕಡಲೆಬೀಜವು ದ್ವಿದಳ ಧಾನ್ಯ. ಗೋಡಂಬಿ, ಬಾದಾಮಿಗಳು ಮರದ ಬೀಜಗಳು. ಒಂದು ಒಗ್ಗದವರಿಗೆ ಮತ್ತೊಂದು ಒಗ್ಗಲೂಬಹುದು, ಒಗ್ಗದೆಯೂ ಇರಬಹುದು. ಆದುದರಿಂದ ಪ್ರತಿಯೊಂದನ್ನೂ ಹೆಸರು ಹಿಡಿದು ಕೇಳಿ ಉತ್ತರಿಸುವುದು ಕ್ಷೇಮ.

ಬ್ರಿಟನ್ನಿನ ಉತ್ತರ ಯಾರ್ಕ್‌ಷೈರ್‌ನ ಪ್ರಕರಣವೊಂದು ಉದ್ದಿಮೆದಾರರು ಗಮನಿಸತಕ್ಕದ್ದು. 2014ರಲ್ಲಿ ಅಲ್ಲಿನ ಭಾರತೀಯ ಶೈಲಿಯ ಹೋಟೆಲಿನಿಂದ ಊಟ ತರಿಸಿದ ಗ್ರಾಹಕರೊಬ್ಬರು, ಬೀಜಗಳು ಬೇಡವೆಂದು ಮೊದಲೇ ತಿಳಿಸಿದ್ದರೂ ಮೃತಪಟ್ಟರು. ವೆಚ್ಚ ತಗ್ಗಿಸಲು ಬಾದಾಮಿ ಪುಡಿಯ ಬದಲಿಗೆ ಕಡಲೆಬೀಜ ಬೆರೆತ ಅಗ್ಗದ ಪುಡಿಯನ್ನು ಬಳಸಲಾಗಿತ್ತು. 2016ರಲ್ಲಿ ಮಾಲೀಕನಿಗೆ 6 ವರ್ಷ ಸೆರೆವಾಸ ವಿಧಿಸಲಾಯಿತು. ದರ ಏರಿದಾಗ ಗೋಡಂಬಿಯ ಜಾಗಕ್ಕೆ ಕಡಲೆಬೀಜ ತರುವ ಪದ್ಧತಿ ನಮ್ಮವರಿಗೂ ಅಪರಿಚಿತವಲ್ಲ.

ಭಾರತದ 2020ರ ಲೇಬಲಿಂಗ್ ಮತ್ತು ಪ್ರದರ್ಶನ ನಿಯಮಾವಳಿಯಂತೆ ಪೊಟ್ಟಣದ ಆಹಾರದ ಮೇಲೆ ಕಡಲೆಬೀಜ, ಮರದ ಬೀಜ, ಹಾಲು, ಸೋಯಾ ಮುಂತಾದವುಗಳ ಇರುವಿಕೆಯನ್ನು ನಮೂದಿಸಬೇಕು. ಕೇಂದ್ರ ಪರವಾನಗಿಯುಳ್ಳ, ಅಥವಾ 10 ಇಲ್ಲವೇ ಹೆಚ್ಚು ಸ್ಥಳಗಳಲ್ಲಿ ಮಳಿಗೆಗಳಿರುವ ಉಪಾಹಾರ ಗೃಹಗಳು ಗ್ರಾಹಕರಿಗೆ ಈ ವಿವರ ಒದಗಿಸಬೇಕು. ಒಂಟಿ ದರ್ಶಿನಿಗೆ ಈ ಎರಡನೆಯ ನಿಯಮ ಅನ್ವಯಿಸದಿದ್ದರೂ, ಅಡುಗೆ ಭಟ್ಟರು ಬೆಳಿಗ್ಗೆ ಬಳಸಿದ ಬೀಜಗಳ ವಿವರವನ್ನು ಕ್ಯಾಷ್ ಕೌಂಟರಿನ ಬಳಿ ಬರೆದಿಡಲು ಖರ್ಚೇನೂ ತಗಲದು.

ತಿಂದವರಿಗೆ ತುಟಿ ಊದುವುದು, ಉಸಿರು ಕಟ್ಟುವುದು ಕಂಡುಬಂದಲ್ಲಿ ನೀರು, ಮಜ್ಜಿಗೆ ಕುಡಿಸುತ್ತ ಕಾಲಹರಣ ಮಾಡಬಾರದು. ಅವರ ಬಳಿ ಅಡ್ರಿನಲಿನ್ ಚುಚ್ಚುಮದ್ದಿದ್ದರೆ ಕೂಡಲೇ ಬಳಸಲು ನೆರವಾಗಿ, 108ಕ್ಕೆ ಕರೆ ಮಾಡಬೇಕು.