ನಾಯಿಮರಿಯ ಮೊದಲ ಡಾಕ್ಟರ್ ಭೇಟಿ: ಮೊದಲು ಚಿಪ್, ಆಮೇಲೆ ಲಸಿಕೆ

ಹೇವರ್ಡ್ (ಕ್ಯಾಲಿಫೋರ್ನಿಯಾ): ಮಕ್ಕಳ ಹಠಕ್ಕೆ ಮಣಿದು ಮನೆಗೆ ನಾಯಿಮರಿ ತಂದಾಯ್ತು. ಇನ್ನು ಪಶುವೈದ್ಯರ ಬಳಿ ಹೋಗಬೇಕು. ಹೇವರ್ಡ್‌ನ ಕನ್ನಡ ಕುಟುಂಬಕ್ಕಾಗಲಿ, ದುಬೈ, ದಮ್ಮಾಮ್‌ನಲ್ಲಿ ಇರುವವರಿಗಾಗಲಿ ಇದು ಬರೀ ಒಂದು ಚುಚ್ಚುಮದ್ದಿನ ವಿಷಯ ಅಲ್ಲ. ವೀಸಾ ಮುಗಿದೋ, ಕೆಲಸ ಬದಲಾಗಿಯೋ ಊರು ಬಿಡುವ ದಿನ ನಾಯಿ ಜೊತೆಗೆ ಬರುತ್ತೋ ಇಲ್ಲವೋ ಅನ್ನೋದಕ್ಕೆ ಅವತ್ತು ತೆರೆಯುವ ಫೈಲೇ ಆಧಾರ.

ಕ್ಯಾಲಿಫೋರ್ನಿಯಾದಲ್ಲಿ 3 ತಿಂಗಳು ದಾಟಿದ ನಾಯಿಗೆ ರೇಬೀಸ್ ಲಸಿಕೆ ಕಡ್ಡಾಯ. ಲೈಸೆನ್ಸ್ ಮಾಡಿಸಲು ಆ ಪ್ರಮಾಣಪತ್ರ ಬೇಕು. ಪಾರ್ವೊ, ಡಿಸ್ಟೆಂಪರ್ ಲಸಿಕೆ 6ರಿಂದ 8 ವಾರಕ್ಕೇ ಶುರುವಾಗಿ, 2ರಿಂದ 4 ವಾರಕ್ಕೊಮ್ಮೆಯಂತೆ ಕನಿಷ್ಠ 16 ವಾರದವರೆಗೆ ನಡೆಯುತ್ತದೆ. ಅದು ಮುಗಿಯುವ ತನಕ ಕ್ಲಿನಿಕ್‌ನಲ್ಲಿ ಮರಿಯನ್ನು ನೆಲಕ್ಕೆ ಬಿಡಬೇಡಿ, ಮಡಿಲಲ್ಲೇ ಇಟ್ಟುಕೊಳ್ಳಿ. ಪಾರ್ವೊ ವೈರಸ್ ನೆಲದ ಮೇಲೆ ಬಹಳ ದಿನ ಉಳಿಯುತ್ತದೆ.

ತಯಾರಿ ಒಂದು ವಾರ ಮೊದಲೇ ಆಗಲಿ. ಕ್ಯಾರಿಯರ್ ಬಾಗಿಲು ತೆರೆದು ಹಾಲ್‌ನಲ್ಲಿಡಿ. ಒಳಗೆ ಹಳೇ ಹೊದಿಕೆ, ಸ್ವಲ್ಪ ತಿಂಡಿ ಹಾಕಿ. ಬೆಕ್ಕಿಗಂತೂ ಇದು ಬೇಕೇ ಬೇಕು. ಕಾರಿಲ್ಲದವರು ಬಾರ್ಟ್ ರೈಲಿನಲ್ಲಿ ಹೋಗುವುದಾದರೂ ಮುಚ್ಚಿದ ಕ್ಯಾರಿಯರ್ ಇರಬೇಕು. ದಿನಾ ಕಿವಿ, ಪಾದ, ಬಾಯಿ ಮುಟ್ಟಿ ಅಭ್ಯಾಸ ಮಾಡಿಸಿದರೆ ಪರೀಕ್ಷೆಯ ಮೇಜಿನ ಮೇಲೆ ಗಾಬರಿ ಕಮ್ಮಿ.

ಹೋಗುವಾಗ ಹಳೇ ಲಸಿಕೆ ಚೀಟಿ, ಅವತ್ತಿನ ಮಲದ ಸ್ಯಾಂಪಲ್, ತಿನ್ನಿಸುವ ಆಹಾರದ ಪಟ್ಟಿ ಇರಲಿ. ಅನ್ನ, ಸಾರು ಹಾಕಿದ್ದರೆ ಮುಚ್ಚಿಡಬೇಡಿ. ಈರುಳ್ಳಿ, ಬೆಳ್ಳುಳ್ಳಿ, ಒಣದ್ರಾಕ್ಷಿ ನಾಯಿಗೆ ವಿಷ. ಮನುಷ್ಯರ ಪ್ಯಾರಾಸಿಟಮಾಲ್ ಬೆಕ್ಕಿನ ಜೀವವನ್ನೇ ತೆಗೆಯಬಹುದು. ಕೊಟ್ಟಿದ್ದರೆ ಹೇಳಿಬಿಡಿ.

ಮುಖ್ಯವಾದ ಮಾತು ಇಲ್ಲಿದೆ. ರೇಬೀಸ್ ಲಸಿಕೆಗೆ ಮೊದಲು ಮೈಕ್ರೋಚಿಪ್ ಹಾಕಿಸಿ. ಅಮೆರಿಕದ 2024ರ ಆಗಸ್ಟ್ 1ರ ನಿಯಮದಂತೆ ಹೊರದೇಶದಿಂದ ಬರುವ ನಾಯಿಗೆ 6 ತಿಂಗಳು ತುಂಬಿರಬೇಕು, ಚಿಪ್ ಇರಬೇಕು. ಭಾರತ ಅಲ್ಲಿನ ರೇಬೀಸ್ ಹೆಚ್ಚಿರುವ ದೇಶಗಳ ಪಟ್ಟಿಯಲ್ಲಿದೆ. ಹಾಗಾಗಿ ಭಾರತದಿಂದ ಬರುವ ನಾಯಿಗೆ ಚಿಪ್ ಹಾಕುವ ಮೊದಲು ಕೊಟ್ಟ ರೇಬೀಸ್ ಲಸಿಕೆ ಲೆಕ್ಕಕ್ಕೆ ಬರುವುದಿಲ್ಲ. ಹೇವರ್ಡ್‌ನಿಂದ ನಾಯಿಯನ್ನು ಊರಿಗೆ ಕರೆದೊಯ್ದು ವಾಪಸ್ ತರುವವರು ಅಮೆರಿಕದ ಲಸಿಕೆ ಪ್ರಮಾಣಪತ್ರಕ್ಕೆ ಹೊರಡುವ ಮೊದಲೇ ಅಲ್ಲಿನ ಕೃಷಿ ಇಲಾಖೆಯ ಮುದ್ರೆ ಹಾಕಿಸಿಕೊಳ್ಳಬೇಕು. ವಾಪಸ್ ಬರುವಾಗ ನೆನಪಾದರೆ ಪ್ರಯೋಜನವಿಲ್ಲ.

ಇನ್ನು ಖರ್ಚು. ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳುವಾಗಲೇ ಪರೀಕ್ಷೆಗೆಷ್ಟು, ಪ್ರತಿ ಲಸಿಕೆಗೆಷ್ಟು, ಚಿಪ್‌ಗೆಷ್ಟು ಅಂತ ಬೇರೆ ಬೇರೆಯಾಗಿ ಕೇಳಿ, ಅಂದಾಜು ಪಟ್ಟಿಯನ್ನು ಬರಹದಲ್ಲಿ ಪಡೆಯಿರಿ. ಯಾವುದು ಇವತ್ತೇ ಬೇಕು, ಯಾವುದು ಮುಂದಿನ ತಿಂಗಳಿಗೆ ಆಗುತ್ತೆ ಅಂತ ಕೇಳೋದರಲ್ಲಿ ಸಂಕೋಚ ಬೇಡ. ವಿಮೆ ಮಾಡಿಸುವ ಯೋಚನೆ ಇದ್ದರೆ ತಡಮಾಡಬೇಡಿ. ಒಮ್ಮೆ ಫೈಲಿನಲ್ಲಿ ದಾಖಲಾದ ಕಾಯಿಲೆಗೆ ಆಮೇಲೆ ಮಾಡಿಸಿದ ವಿಮೆ ಸಾಮಾನ್ಯವಾಗಿ ಹಣ ಕೊಡುವುದಿಲ್ಲ.

ಮನೆಗೆ ಬಂದ ಮೇಲೆ ಚಿಪ್ ನಂಬರನ್ನು ನಿಮ್ಮ ಹೆಸರು, ಫೋನ್ ನಂಬರಿಗೆ ನೋಂದಾಯಿಸಿ. ಎಲ್ಲ ಕಾಗದದ ಫೋಟೊ ತೆಗೆದು, ಪಾಸ್‌ಪೋರ್ಟ್ ಇಡುವ ಜಾಗದಲ್ಲೇ ಫೈಲ್ ಇಡಿ.